ಹಿತ್ತಲ ಬಾಗಿಲ ಅಗುಳಿ

ದೇವರ ಮುಂದಿನ ಬತ್ತಿ ಆರಿದಾಗ ಏಳುವ ಹೊಗೆಯ ವಾಸನೆ ನಿಮಗೂ ಗೊತ್ತಿರಬೇಕು. ಸುಟ್ಟ ಎಣ್ಣೆ, ಸುಟ್ಟ ಹತ್ತಿ, ಮೂಗಿನಲ್ಲಿ ಉಳಿಯುವ ಸಣ್ಣ ಕಹಿ. ಮೊನ್ನೆ ಸಂಜೆ ಆ ವಾಸನೆಯಲ್ಲಿ ಕೂತು ಮಗಳು ತನ್ನ ಕಾಲೇಜಿನ ಪಾಠ ಹೇಳುತ್ತಿದ್ದಳು. ಯಾವುದೋ ಹಳೆಯ ದುರಂತ ಪ್ರೇಮಕಥೆ. ಅವನಿಗೆ ಅವಳೇ ಬೆಳಕಂತೆ, ಆದರೆ ಇಬ್ಬರನ್ನೂ ಕಾಯುವುದು ಕತ್ತಲೆಯಂತೆ; ಬೆಳಕು ಹರಿದರೆ ಸಾವು. "ಎಷ್ಟು ಚೆನ್ನಾಗಿದೆ ಅಲ್ವಾ ಅಮ್ಮ?" ಅಂದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಹೆಂಗಸು ನಾನು. ಅದೇ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದೆ.

ಬುಕ್ಕಾಂಬುಧಿಯ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವ ಮುಂಚೆ ಹಿತ್ತಲ ಬಾಗಿಲು ಮುಚ್ಚಬೇಕಿತ್ತು. ಮುಂಬಾಗಿಲಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಹತ್ತು ವರ್ಷದ ನನಗೆ ಅಗುಳಿ ಹಾಕುವ ಕೆಲಸ ಕೊಟ್ಟಿದ್ದರು. ಲಕ್ಷ್ಮಿ ಹೋದರೆ ನನ್ನಿಂದಲೇ ಹೋದಳು ಎಂಬ ಭಯವನ್ನೂ ಜೊತೆಗೇ ಕೊಟ್ಟಿದ್ದರು. ಅಪ್ಪನ ತಂಗಿ ಗೌರತ್ತೆ ಮಾತ್ರ ಕತ್ತಲಾಗುವ ಹೊತ್ತಿಗೆ ತೋಟದ ಕಡೆ ಹೋಗಿ, ದೀಪಕ್ಕೆ ಮುಂಚೆ ಬಂದುಬಿಡುತ್ತಿದ್ದಳು. ಅಜ್ಜಂಪುರದಿಂದ ಪಂಪ್‌ಸೆಟ್ ರಿಪೇರಿಗೆ ಬರುತ್ತಿದ್ದ ಹುಡುಗ ಆ ಹೊತ್ತಿಗೆ ತೆಂಗಿನ ತೋಟದ ಬಾವಿಯ ಹತ್ತಿರ ಇರುತ್ತಿದ್ದ. ನಮ್ಮ ಮನೆಯಲ್ಲಿ ಅವನಿಗೆ ಕಾಫಿ ಕೊಡುತ್ತಿದ್ದುದು ಹೊರಗಿಟ್ಟ ಬೇರೆ ಲೋಟದಲ್ಲಿ.

ಒಂದು ಸಂಜೆ ಅತ್ತೆಯನ್ನು ಹೆಣ್ಣು ನೋಡಿಹೋಗಲು ಹಿರೇನಲ್ಲೂರಿನವರು ಹೇಳದೆ ಕೇಳದೆ ಬಂದುಬಿಟ್ಟರು. ಗಡಿಬಿಡಿಯಲ್ಲಿ ಅಜ್ಜಿ ದೀಪವನ್ನು ಬೇಗ ಹಚ್ಚಿದಳು. ನಾನು ಅಗುಳಿ ಹಾಕಿದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಮೆಲ್ಲಗೆ ಬಾಗಿಲು ಬಡಿದ ಸದ್ದು.

"ಲೇ, ನಾನ್ ಕಣೇ. ತೆಗಿ."

"ದೀಪ ಹಚ್ಚಾಯ್ತಲ್ಲತ್ತೆ. ಮುಂದ್ಗಡೆಯಿಂದ ಬಾ."

"ಮುಂದ್ಗಡೆ ಜನ ಕೂತವ್ರೆ ಕಣೇ. ತೆಗಿ, ನನ್ನವ್ವ ಅಲ್ವಾ."

"ಲಕ್ಷ್ಮಿ ಹೋಗ್ಬಿಡ್ತಾಳೆ."

"ಹೋದ್ರೆ ನಾನೇ ಕರ್ಕೊಂಡ್ ಬತ್ತೀನಿ, ತೆಗಿಯೇ!"

ನಾನು ತೆಗೆಯಲಿಲ್ಲ. ಅತ್ತೆ ಮನೆ ಸುತ್ತಿ ಮುಂದಿನಿಂದ ಬಂದಳು. ಜಗಲಿಯಲ್ಲಿ ಬಲ್ಬು ಉರಿಯುತ್ತಿತ್ತು. ತಲೆ ತಗ್ಗಿಸಿ, ಎಲ್ಲರಿಗೂ ಕೈಮುಗಿದು, ಒಳಗೆ ತಿರುಗಿದಳು. ಅವಳ ಹಳದಿ ರವಿಕೆಯ ಬೆನ್ನ ಮೇಲೆ ಗ್ರೀಸಿನ ಐದು ಬೆರಳು, ಒಂದೊಂದೂ ಬೇರೆ ಬೇರೆ ಕಾಣುವಷ್ಟು ಸ್ಪಷ್ಟ. ಕತ್ತಲಲ್ಲಿ ಮೂಡಿದ್ದ ಅದನ್ನು ಜಗಲಿಯಲ್ಲಿ ನೋಡದೆ ಇದ್ದವಳು ಅವಳೊಬ್ಬಳೇ. ಹಿರೇನಲ್ಲೂರಿನವರು ಲೋಟ ಕೆಳಗಿಟ್ಟು ಎದ್ದರು. "ಗೌರಿ, ಒಳಕ್ಕೆ ಹೋಗವ್ವ," ಎಂದ ತಾತ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹುಡುಗ ಬೀರೂರಿನಲ್ಲಿ ರೈಲು ಹತ್ತಿ ಹೋದ ಎಂದರು. ಹತ್ತಿದ್ದನ್ನು ನೋಡಿದವರು ಯಾರೂ ಸಿಗಲಿಲ್ಲ. ಅತ್ತೆ ಊಟ ಬಿಟ್ಟಳು. ಮೂರು ತಿಂಗಳಿಗೆ ತೀರಿಕೊಂಡಾಗ ಜ್ವರ ಎಂದರು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಾಯಲು ಬೇರೆ ಕಾಯಿಲೆಯೇ ಇರಲಿಲ್ಲ. ಹತ್ತಿರದವರ ಮುಂದೆ ಅಜ್ಜಿ ನನ್ನ ತಲೆ ಸವರಿ, "ಈ ಮಗು ಬಾಗ್ಲು ತೆಗಿದೇ ಇದ್ದಿದ್ಕೆ ಗೊತ್ತಾಯ್ತು ಕಣ್ರೀ, ಇಲ್ದಿದ್ರೆ ಓಡೋಗ್ಬಿಡ್ತಿದ್ಲು," ಎನ್ನುತ್ತಿದ್ದಳು. ನಾನು ಹಿಗ್ಗುತ್ತಿದ್ದೆ, ಅದನ್ನೂ ಹೇಳಿಬಿಡಬೇಕು.

ಈಗ ಆ ಮನೆಯಿಲ್ಲ. ಬಾವಿ ಮುಚ್ಚಿದೆ. ಅಜ್ಜಿ, ತಾತ ಇಬ್ಬರೂ ಹೋದರು; ಲಕ್ಷ್ಮಿ ಯಾವ ಬಾಗಿಲಿಂದ ಹೋದಳೋ ತಿಳಿಯಲಿಲ್ಲ. ನನಗೆ ಉಳಿದದ್ದು ಅತ್ತೆಯ ಕೊನೆಯ ವಾರ. ನೆಟ್ಟಗೆ ಕೂರಲಾಗದವಳು ಗೋಡೆಗೊರಗಿ, ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕಿದಳು. ಬೈಯುತ್ತಾಳೆಂದು ನಾನು ಕತ್ತು ಬಿಗಿಹಿಡಿದು ಕೂತಿದ್ದೆ. "ಯಾಕೇ ಇಷ್ಟ್ ಹೆದರ್ತೀಯ? ತಲೆ ಆಡಿಸ್ಬೇಡ," ಎಂದಳು, ಅಷ್ಟೇ. ಬೈದುಬಿಟ್ಟಿದ್ದರೆ ಎಂದೋ ಅತ್ತು ಮುಗಿಸಿರುತ್ತಿದ್ದೆ.