ಕಿರಕೋಳ ಎಂಬ ಮಾತು

ಸೋಲಾಪುರದ ನಮ್ಮ ಚಾದರ, ಟಾವೆಲ್ಲಿನ ಅಂಗಡಿಯಲ್ಲಿ ಗಿರಾಕಿ ಮೆಟ್ಟಿಲು ಹತ್ತಿದ ಕೂಡಲೇ ಕೇಳುವ ಪ್ರಶ್ನೆ, “ಠೋಕ ಬೇಕೋ, ಕಿರಕೋಳ ಬೇಕೋ?” ಗಂಟುಗಟ್ಟಲೆ ಒಯ್ಯುವವರದು ಠೋಕ, ಒಂದೆರಡು ಒಯ್ಯುವವರದು ಕಿರಕೋಳ. ನಾಗಣಸೂರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಅಕ್ಕಲಕೋಟದಲ್ಲಿ ಕನ್ನಡ ಶಾಲೆ ಓದಿ, ಇಲ್ಲಿಗೆ ಸೊಸೆಯಾಗಿ ಬಂದ ನಾನು ಮರಾಠಿ ಕಲಿತದ್ದೇ ಇಂಥ ಮಾತುಗಳಿಂದ. ದಿನಕ್ಕೆ ಹತ್ತಾರು ಸಲ ಆಡುತ್ತಿದ್ದ ಆ ಮಾತು ಈಗ ಪೇಪರಿನಲ್ಲಿ ಕಂಡರೆ ಅಂಜಿಕೆಯಾಗುತ್ತದೆ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮ ಯಜಮಾನರು ಮಾಲು ನೋಡಲು ಊರ ಹೊರಗಿನ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಿಗೆ ಹೋಗಿದ್ದರು. ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ನಾನು ಕೂತಿದ್ದೆ. ಮಾವನವರು ಮೂಲೆಯಲ್ಲಿ ಮರಾಠಿ ಪೇಪರು ಓದುತ್ತಿದ್ದರು. ಮೊಬೈಲಿನಲ್ಲಿ ಮರಾಠಿ ಸುದ್ದಿ ಬಂತು: ಚಿಂಚೋಳಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸ್ಫೋಟ, ಕೆಲವರು ‘ಕಿರಕೋಳ ಜಖಮಿ’. ಕನ್ನಡದ ಸುದ್ದಿಯಲ್ಲಿ ಹುಡುಕಿದೆ. ಅಲ್ಲಿ ‘ಸಣ್ಣಪುಟ್ಟ ಗಾಯ’ ಎಂದಿತ್ತು.

ಯಜಮಾನರ ಫೋನು ಬಂದ್ ಆಗಿತ್ತು. ಹಚ್ಚಿದೆ, ಮತ್ತೆ ಹಚ್ಚಿದೆ.

“ಕಿರಕೋಳ ಅಂತ ಬರದಾರಲ್ಲ, ಯಾಕ ಅಂಜ್ತಿ ಯವ್ವಾ? ಕೈಗಿ ಕಾಲಿಗಿ ತರಚಿರತೈತಿ, ಅಷ್ಟ,” ಎಂದರು ಮಾವನವರು. ಹಾಗೆ ಹೇಳಿದವರೇ, ಇನ್ನೊಮ್ಮೆ ಫೋನು ಹಚ್ಚು ಎಂದರು.

ಅಂಗಡಿಯನ್ನು ಅವರಿಗೆ ಒಪ್ಪಿಸಿ ರಿಕ್ಷಾ ಹಿಡಿದು, ಗಾಯಗೊಂಡವರನ್ನು ಒಯ್ದಿದ್ದಾರೆಂದು ಸುದ್ದಿಯಲ್ಲಿದ್ದ ದವಾಖಾನೆಗೆ ಹೋದೆ. ಯಜಮಾನರು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಎರಡೂ ಕೈಗಳಿಗೆ ಮೊಣಕೈವರೆಗೆ ಪಟ್ಟಿ. ಹುಬ್ಬು ಸುಟ್ಟು ಹೋಗಿತ್ತು. ಮೈಮೇಲಿನ ಅಂಗಿ ಬೇರೆ ಯಾರದೋ. ಕೂಗಿದೆ, ಅವರು ತಿರುಗಿ ನೋಡಲಿಲ್ಲ. ಎದುರಿಗೆ ಹೋಗಿ ನಿಂತಾಗ, “ಜೋರ ಮಾತಾಡು, ಕಿವ್ಯಾಗ ಗುಂಯ್ ಅನ್ನಾಕತ್ತೈತಿ,” ಎಂದರು.

ಸ್ಫೋಟದ ಹೊತ್ತಿಗೆ ಅವರು ಪಕ್ಕದ ಗೋದಾಮಿನಲ್ಲಿದ್ದರಂತೆ. ಓಡಿ ಹೋಗಿ, ಆ ಕಾರ್ಖಾನೆಯ ಕಾದ ಶಟರ್ ಅನ್ನು ಬರಿಗೈಯಲ್ಲಿ ಎತ್ತಿ ಹಿಡಿದಿದ್ದರು. ಒಳಗೆ ಸಿಕ್ಕಿಕೊಂಡಿದ್ದ ಇಬ್ಬರು ಹೆಣ್ಣುಮಕ್ಕಳು ಅದರ ಕೆಳಗಿನಿಂದ ತೆವಳಿ ಹೊರಗೆ ಬಂದರಂತೆ. ಎಡಗಿವಿಯ ತಮಟೆ ಹರಿದಿದೆ, ಇನ್ನು ಕೇಳಿಸುವುದು ಕಷ್ಟ ಎಂದರು ಡಾಕ್ಟರು.

ಮರುದಿನದ ಪೇಪರಿನಲ್ಲಿಯೂ ‘ಕಿರಕೋಳ’ ಎಂದೇ ಇತ್ತು. ಸಿಟ್ಟು ತಡೆಯದೆ ಪೇಪರಿನ ಕಚೇರಿಗೆ ಫೋನು ಹಚ್ಚಿದೆ. ನನ್ನ ಮರಾಠಿ ತೊದಲಿದ್ದನ್ನು ಕೇಳಿ ಆ ಮನುಷ್ಯ ಕನ್ನಡಕ್ಕೇ ಬಂದ. “ಅಕ್ಕಾರ, ಪೊಲೀಸರ ಯಾದಿ ಹಂಗ ಐತ್ರಿ. ದವಾಖಾನ್ಯಾಗ ಇಟಗೊಂಡ್ರ ಗಂಭೀರ. ಪಟ್ಟಿ ಕಟ್ಟಿ ಮನಿಗಿ ಕಳಿಸಿದ್ರ ಕಿರಕೋಳ. ನಾವರ ಏನ ಮಾಡೂನ್ರಿ?” ಅವನ ದನಿಯಲ್ಲಿ ಕೇಡೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಾರದ ಮೇಲೆ ಒಳಪುಟದಲ್ಲಿ ಊರಿನ ದೊಡ್ಡ ಮನುಷ್ಯರೊಬ್ಬರ ಲೇಖನ ಬಂತು. ಇಂಥ ಕಿರಕೋಳ ಘಟನೆಗಳನ್ನು ದೊಡ್ಡದು ಮಾಡಿದರೆ ಇದ್ದ ಕಾರ್ಖಾನೆಗಳೂ ಊರು ಬಿಟ್ಟಾವು ಎಂಬುದು ಅದರ ಸಾರ. ಗಟ್ಟಿಯಾಗಿ ಓದುತ್ತಿದ್ದ ಮಾವನವರು ಅರ್ಧಕ್ಕೇ ನಿಲ್ಲಿಸಿ ಪೇಪರು ಮಡಚಿಟ್ಟರು. ನಾನು ಯಜಮಾನರಿಗೆ ತುತ್ತು ತಿನ್ನಿಸುತ್ತಿದ್ದೆ.

ಆಮೇಲೆ ಆ ಮಾತು ಎಲ್ಲೆಲ್ಲೂ ಕಾಣತೊಡಗಿತು. ‘ಕಿರಕೋಳ ವಾದದಿಂದ ಖೂನ್.’ ‘ಕಿರಕೋಳ ಕಾರಣಕ್ಕೆ ಚಾಕು ಇರಿತ.’ ಓದಿ ನೋಡಿದರೆ ನಳದ ನೀರಿನ ಪಾಳಿ, ನಡೆಯುವಾಗ ಮೈ ತಾಕಿದ್ದು, ಗಾಡಿ ನಿಲ್ಲಿಸಿದ್ದು. ನಮ್ಮ ಓಣಿಯಲ್ಲಿ ದಿನಾ ನಡೆಯುವಂಥವೇ.

ಹೋದ ತಿಂಗಳು ಒಬ್ಬಾತ ಅಂಗಡಿಯ ಬಾಗಿಲಿಗೇ ಅಡ್ಡವಾಗಿ ಬೈಕು ನಿಲ್ಲಿಸಿದ. ಯಜಮಾನರು ತೆಗೆ ಎಂದರು. ಅವನು ಎಡಗಡೆ ನಿಂತು ಏನೋ ಅಂದ, ಇವರಿಗೆ ಕೇಳಿಸಲಿಲ್ಲ. ಕೇಳಿಸದ್ದರಿಂದ ಇವರ ದನಿ ಏರಿತು, ಅವನದೂ ಏರಿತು. ಅವನು ಕಿಸೆಗೆ ಕೈ ಹಾಕಿದ. ನಾನು ಗಲ್ಲೆಯಿಂದ ಹಾರಿ ನಡುವೆ ನಿಂತು ಕೈ ಮುಗಿದೆ. “ನಿಂದ್ರಸ್ರಿ ಅಣ್ಣಾರ, ಎಷ್ಟೊತ್ತರ ನಿಂದ್ರಸ್ರಿ. ಅವ್ರಿಗಿ ಕೇಳ್ಸಂಗಿಲ್ರಿ.”

ಅವನು ಕಿಸೆಯಿಂದ ತೆಗೆದದ್ದು ಮೊಬೈಲು. ಅವನೇ ನಾಚಿಕೊಂಡು ಬೈಕು ಪಕ್ಕಕ್ಕೆ ಸರಿಸಿದ.

“ಇಷ್ಟ ಕಿರಕೋಳ ಮಾತಿಗಿ ಹಿಂಗ ನಡಗ್ತಾರೇನ?” ಎಂದು ಯಜಮಾನರು ರೇಗಿದರು. ಆ ಬೈಕು ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.