ನಾಯಿಯ ಬೆಲ್ಟಿಗೆ ಎರಡು ಬೆರಳು

ಬಾಬಾ ನನ್ನ ಕೈಗೆ ಒಂದು ಹಗ್ಗ ಕೊಟ್ಟರು. ಹಗ್ಗದ ಆಚೆ ತುದಿಯಲ್ಲಿ ನಾಯಿ ಇತ್ತು.

ನಾಯಿ ಎಂದ ಕೂಡಲೇ ನಿಮ್ಮ ಕಣ್ಣಿಗೆ ಕಟ್ಟುವ ನಾಯಿ ಅದಲ್ಲ. ದೊಡ್ಡ ಆಡಿನಷ್ಟು ಎತ್ತರ, ಬೆನ್ನಿಗೆ ಅಂಟಿದ ಹೊಟ್ಟೆ, ಉದ್ದನೆಯ ಮೂತಿ, ಕಿವಿಯಿಂದ ಹೆಂಗಸರ ಕೂದಲಿನಂತೆ ಇಳಿಬಿದ್ದ ರೋಮ. ಅರಬರು ಈ ಜಾತಿಗೆ ಸಲೂಕಿ ಎನ್ನುತ್ತಾರೆ, ಮರಳುಗಾಡಿನಲ್ಲಿ ಮೊಲ ಹಿಡಿಯಲು ಸಾಕುತ್ತಾರೆ. ಹೆಸರು ಬರ್ಕ್, ಎಂದರೆ ಮಿಂಚು. ಅದು ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ಸುಮ್ಮನೆ ನನ್ನನ್ನು ನೋಡಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಹನ್ನೊಂದು ವರ್ಷ ಕುವೈಟಿನಲ್ಲಿ ದುಡಿದ ಮೇಲೆ ಇನ್ನು ಇಲ್ಲಿ ಹೆದರುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ನಾನು ಉಳ್ಳಾಲದ ಕಡೆಯ ಬ್ಯಾರಿ, ಕರಾವಳಿಯ ಮುಸಲ್ಮಾನ. ಶಾಲೆ ಏಳನೆಯ ತರಗತಿಗೆ ನಿಂತಿತು. ಮಂಗಳೂರಿನ ದಕ್ಕೆಯಲ್ಲಿ, ದೋಣಿಗಳು ಬಂದು ನಿಲ್ಲುವಲ್ಲಿ, ಮೀನಿಗೆ ಐಸ್ ಹೊತ್ತೆ, ಆಮೇಲೆ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಜನರೇಟರ್ ಬಿಚ್ಚುವುದು ಕಲಿತೆ. ಕುವೈಟಿನಲ್ಲಿ ಕಾರ್ಖಾನೆಗಳಿರುವ ಸಬ್ಹಾನ್‌ನಲ್ಲಿ ಪಾಲಿಟೆಕ್ನಿಕ್ ಓದಿದವರು ಕೈಬಿಟ್ಟ ಯಂತ್ರವನ್ನು ಶಬ್ದ ಕೇಳಿಯೇ ಸರಿ ಮಾಡಿದವ ನಾನು. ಇದನ್ನು ಜಂಬ ಎಂದರೆ ಅನ್ನಿ, ದುಡಿದು ತಂದ ಜಂಬ.

ಆ ಜಂಬವೇ ನನ್ನನ್ನು ಸಿಕ್ಕಿಸಿತು. ಸಬ್ಹಾನ್‌ನ ನಮ್ಮ ವರ್ಕ್‌ಶಾಪ್ ಮುಚ್ಚುವುದೆಂದಾಯಿತು. ಇಲ್ಲಿ ವಾಸಕ್ಕೆ ಇಕಾಮಾ ಎಂಬ ಪರವಾನಗಿ ಬೇಕು, ಅದು ಯಾವನಾದರೂ ಕಫೀಲ್, ಅಂದರೆ ನಮ್ಮ ಜವಾಬ್ದಾರಿ ಹೊತ್ತ ಯಜಮಾನನ ಹೆಸರಿನಲ್ಲಿರಬೇಕು. ಹೊಸ ಕಫೀಲ್ ಸಿಗದಿದ್ದರೆ ಪೆಟ್ಟಿಗೆ ಕಟ್ಟುವುದೇ. ಆಗ ಸಿಕ್ಕಿದವರು ಈ ಬಾಬಾ. ಇಲ್ಲಿ ಮನೆಯ ಹಿರಿಯ ಯಜಮಾನನಿಗೆ ನಾವೆಲ್ಲ ಬಾಬಾ ಎನ್ನುತ್ತೇವೆ. ಅವರಿಗೆ ಫೈಲಕಾ ದ್ವೀಪದಲ್ಲಿ ಒಂದು ವಿಶ್ರಾಂತಿ ಮನೆ. ಅಲ್ಲಿ ಜನರೇಟರ್ ನೋಡಿಕೊಂಡು, ಕಾವಲಿಗೆ ಒಂದು ನಾಯಿ ಇಟ್ಟುಕೊಂಡು, ಉಳಿಯುವ ಗಂಡಸು ಬೇಕಿತ್ತು.

"ಇನ್ತ ಖೌಫ್ ಕಲ್ಬ್?" ಎಂದು ಕೇಳಿದರು. ನಾಯಿಗೆ ಹೆದರ್ತೀಯಾ?

"ಮಾಫಿ ಖೌಫ್, ಬಾಬಾ," ಎಂದೆ. ಹೆದರಿಕೆ ಇಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಮ್ಮ ಊರಿನ ಮನೆಯಲ್ಲಿ ಮೂರು ನಾಯಿ ಸಾಕಿದ್ದೇನೆ ಎಂದೂ ಸೇರಿಸಿದೆ.

ನಿಜ ಏನೆಂದರೆ, ಎಂಟು ವರ್ಷದವನಿದ್ದಾಗ ಮದ್ರಸದ ದಾರಿಯಲ್ಲಿ ನಾಯಿ ಕಚ್ಚಿ, ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವ ನಾನು. ಇವತ್ತಿಗೂ ನಾಯಿ ಕಂಡರೆ ಹೊಕ್ಕುಳು ಒಳಗೆ ಎಳೆಯುತ್ತದೆ. ಇನ್ನೊಂದು ಭಯ ಕಡಲಿನದ್ದು. ನನ್ನ ಮಾವನ ದೋಣಿ ಅಳಿವೆ ಬಾಗಿಲಿನಲ್ಲಿ, ಹೊಳೆ ಕಡಲಿಗೆ ಬೀಳುವ ಜಾಗದಲ್ಲಿ, ಮಗುಚಿತು. ಅಂದೇ ಉಮ್ಮ, ನನ್ನ ತಾಯಿ, ದೋಣಿ ಹತ್ತುವುದಿಲ್ಲವೆಂದು ನನ್ನ ತಲೆ ಮುಟ್ಟಿ ಆಣೆ ಹಾಕಿಸಿದರು. ಅಷ್ಟು ವರ್ಷ ದಕ್ಕೆಯಲ್ಲಿ ಐಸ್ ಹೊತ್ತರೂ ಒಂದು ದೋಣಿಗೂ ಕಾಲಿಟ್ಟವನಲ್ಲ. ಕುವೈಟಿಗೂ ಮೇಲಿಂದ ಹಾರಿ ಬಂದವ. ಈಗ ಕಡಲು ದಾಟಬೇಕು, ಅದೂ ನಾಯಿ ಹಿಡಿದುಕೊಂಡು.

ಫಹಾಹೀಲ್‌ನಲ್ಲಿ ಶೇಖರಣ್ಣ ಇದ್ದಾರೆ. ಬಂಟ್ವಾಳ ಕಡೆಯವರು, ಹೋಟೆಲಿನಲ್ಲಿ ಅಡುಗೆ. ಕುವೈಟಿಗೆ ಬಂದ ಮೊದಲ ವರ್ಷ ಅರಬರ ರೊಟ್ಟಿ ಖುಬ್ಬೂಸ್ ಗಂಟಲಲ್ಲಿ ಇಳಿಯದೆ ಅಳುತ್ತಿದ್ದವನಿಗೆ ನೀರುದೋಸೆ ಹಾಕಿಕೊಟ್ಟ ಪುಣ್ಯಾತ್ಮ. ನಾವು ಮಾಂಜಿ ಎನ್ನುವ ಮೀನಿಗೆ ಇಲ್ಲಿ ಜುಬೈದಿ ಎನ್ನುತ್ತಾರೆ ಎಂದು ಕಲಿಸಿದವರೂ ಅವರೇ. ಅವರ ಊರಿನ ಮನೆಯಲ್ಲಿ ನಾಯಿ ಇಲ್ಲದ ದಿನವಿಲ್ಲ. ಹೋಗಿ ಎಲ್ಲ ಹೇಳಿದೆ. ಅವರು ಸಟ್ಟುಗ ಕೆಳಗಿಟ್ಟು ನಕ್ಕರು.

"ಅಲ್ಲ ಮಾರಾಯ, ಕ್ಯಾಂಪಿಗೆ ಬೆಕ್ಕು ಬಂದ್ರೆ ಮಂಚ ಹತ್ತುವ ಜನ ನೀನು. ನಾಯಿ ಸಾಕಿದ್ದು ಯಾವಾಗ?"

"ಬಾಯಿ ತಪ್ಪಿ ಬಂತು ಶೇಖರಣ್ಣ."

"ಬಾಯಿ ತಪ್ಪಿದ್ರೆ ಒಂದು ನಾಯಿ ಬರ್ತದೆ ಬ್ಯಾರಿ. ಮೂರು ಬರ್ಲಿಕ್ಕೆ ಅಹಂಕಾರವೇ ಬೇಕು."

ಆಮೇಲೆ ಕೂರಿಸಿ ಹೇಳಿಕೊಟ್ಟರು. ಕಣ್ಣಿಗೆ ಕಣ್ಣು ಕೊಡಬೇಡ. ಓಡಬೇಡ. ಕೊರಳಿನ ಬೆಲ್ಟ್ ಮಾತ್ರ ಸರಿ ನೋಡು. "ಬೆಲ್ಟಿನ ಒಳಗೆ ಎರಡು ಬೆರಳು ಹೋಗ್ಬೇಕು. ಎರಡು ಹೋಗದಿದ್ರೆ ಉಸಿರು ಕಟ್ತದೆ. ಮೂರು ಹೋದ್ರೆ ನಾಯಿ ತಪ್ಪಿಸ್ತದೆ."

"ಬೆರಳು ಹಾಕ್ಲಿಕ್ಕೆ ಕೊರಳು ಮುಟ್ಬೇಕಲ್ಲ?"

"ಮುಟ್ಟದೆ ಮತ್ತೆ? ವಾಟ್ಸಾಪಿನಲ್ಲಿ ಹಾಕ್ತೀಯಾ?"

ಅವರಿಗೆ ನಗು. ನನಗೆ ಮುಟ್ಟುವುದರಲ್ಲಿ ಇನ್ನೊಂದು ಸಂಗತಿ ಇತ್ತು. ನಾವು ಬ್ಯಾರಿಗಳು ಶಾಫಿ ಪದ್ಧತಿಯವರು. ನಾಯಿಯ ಜೊಲ್ಲು ತಾಗಿದರೆ, ಒದ್ದೆ ಮೈ ತಾಗಿದರೆ, ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ತೊಳೆಯದೆ ನಮಾಝಿಗೆ ನಿಲ್ಲುವಂತಿಲ್ಲ. ನಾಯಿಯನ್ನು ಹಗೆ ಮಾಡಿ ಎಂದು ಇದರ ಅರ್ಥವಲ್ಲ. ಬಾಯಾರಿದ ನಾಯಿಗೆ ನೀರು ಕೊಟ್ಟವನ ಪುಣ್ಯ ಎಷ್ಟು ದೊಡ್ಡದೆಂದು ಮದ್ರಸದಲ್ಲಿ ನಮಗೂ ಹೇಳಿಕೊಟ್ಟಿದ್ದಾರೆ. ಆದರೆ ಊರಿನಲ್ಲಿ ನಾಯಿಗೆ ದೂರ ನಿಂತೇ ನೀರು ಇಟ್ಟು ಬೆಳೆದವರು ನಾವು.

ನಾನು ಯೋಚನೆ ಮಾಡಿ ಒಂದು ಉಪಾಯ ಹುಡುಕಿದೆ. ಕರೆಂಟಿನ ಕೆಲಸಕ್ಕೆ ಹಾಕುವ ದಪ್ಪ ರಬ್ಬರ್ ಕೈಗವಸು ನನ್ನ ಪೆಟ್ಟಿಗೆಯಲ್ಲಿತ್ತು. ಹೊರಡುವ ಬೆಳಿಗ್ಗೆ ಅದನ್ನು ಹಾಕಿಕೊಂಡೇ ಬರ್ಕ್‌ನ ಕೊರಳಿಗೆ ಬೆಲ್ಟ್ ಬಿಗಿದೆ. ಎರಡು ಬೆರಳು ತೂರಿಸಿ ನೋಡಿದೆ. ಸರಿಯಾಗಿ ಎರಡೇ ಹೋಯಿತು. ಕಲಿತ ಪಾಠವನ್ನು ಅಕ್ಷರಕ್ಕೆ ಅಕ್ಷರ ಮಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ದ್ವೀಪಕ್ಕೆ ಹೋಗುವ ಹಡಗಿಗೆ ಇಲ್ಲಿ ಅಬ್ಬಾರಾ ಎನ್ನುತ್ತಾರೆ. ಮುಂದಿನ ಬಾಗಿಲು ಸೇತುವೆಯಂತೆ ಕೆಳಗೆ ಬೀಳುತ್ತದೆ, ಅದರ ಮೇಲೆ ಲಾರಿ, ಕಾರು, ನೀರಿನ ಟ್ಯಾಂಕರ್ ಎಲ್ಲ ಒಳಗೆ ಹೋಗುತ್ತವೆ. ಉಳ್ಳಾಲದಲ್ಲಿ ಹೊಳೆ ದಾಟಿಸುವ ಕಡವಿನ ದೋಣಿ ನೋಡಿದ ಕಣ್ಣಿಗೆ ಅದು ತೇಲುವ ರಸ್ತೆಯ ತುಂಡು. ಕಡವಿನಲ್ಲಿ ದೋಣಿಯವ ನಮ್ಮ ಮುಖ ನೋಡಿ ಮಾತಾಡಿಸುತ್ತಾನೆ, ಹುಡುಗರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ಇಲ್ಲಿ ಸೀಟಿ ಊದಿ ಕೈ ಬೀಸುತ್ತಾರೆ. "ಯಲ್ಲಾ, ಯಲ್ಲಾ!" ನಿಂತು ಹೆದರಲಿಕ್ಕೂ ಪುರುಸೊತ್ತಿಲ್ಲ.

ನನ್ನ ಜೊತೆ ಬಾಬಾರ ತೋಟದ ಕೆಲಸಗಾರ ರಹೀಮ್ ಭಾಯಿ ಇದ್ದರು. ಬಾಂಗ್ಲಾದವರು, ಆ ದ್ವೀಪದಲ್ಲಿ ನಾಲ್ಕು ವರ್ಷ ಹಳಬರು. ಪ್ರಾಣಿಯನ್ನು ಮೇಲಿನ ಕೋಣೆಗೆ ತರುವಂತಿಲ್ಲ, ಗಾಡಿಗಳ ಹತ್ತಿರ ಕೆಳಗೇ ಹಿಡಿದು ನಿಲ್ಲಬೇಕು ಎಂದು ಹಡಗಿನವನು ಹೇಳಿದ. ನಾನು ಆಸೆಯಿಂದ ರಹೀಮ್ ಭಾಯಿಯ ಮುಖ ನೋಡಿದೆ.

"ಕುತ್ತಾ ಆಪ್ಕಾ, ಕಾಮ್ ಆಪ್ಕಾ," ನಾಯಿ ನಿಮ್ಮದು, ಕೆಲಸವೂ ನಿಮ್ಮದು ಎಂದು ಅವರು ಟ್ಯಾಂಕರಿನ ಆಚೆ ಸರಿದರು.

ದಡ ಬಿಟ್ಟ ಮೇಲೆ ಶಮಾಲ್ ಎದ್ದಿತು. ಶಮಾಲ್ ಎಂದರೆ ಬಡಗಣ ಗಾಳಿ, ಇಲ್ಲಿ ಮರಳು ತರುವುದೂ ಅದೇ, ಕಡಲು ಕಲಕುವುದೂ ಅದೇ. ಕಾಲಿನ ಕೆಳಗಿನ ಕಬ್ಬಿಣ ಒಮ್ಮೆ ಏಳುತ್ತದೆ, ಒಮ್ಮೆ ಇಳಿಯುತ್ತದೆ. ನಾನು ಬಾಯಲ್ಲಿ ಕುರಾನಿನ ಯಾಸೀನ್ ಓದುತ್ತಾ, ನೀರು ನೋಡದೆ, ಒಂದು ಲಾರಿಯ ಚಕ್ರದ ನಟ್ಟುಗಳನ್ನೇ ನೋಡುತ್ತಾ ನಿಂತೆ. ಹತ್ತು ನಟ್ಟು. ಒಂದು ಸಡಿಲವಿತ್ತು. ಹಗ್ಗವನ್ನು ಸಾಧ್ಯವಾದಷ್ಟು ಉದ್ದ ಬಿಟ್ಟಿದ್ದೆ.

ಆಗ ಹಡಗಿನ ಹಾರನ್ ಒದರಿತು. ಬರ್ಕ್ ಬೆಚ್ಚಿ ಹಿಂದಕ್ಕೆ ಜಗ್ಗಿತು. ನಾನು ಮುಂದಕ್ಕೆ ಜಗ್ಗಿದೆ. ಹಗ್ಗ ಒಮ್ಮೆಲೇ ಹಗುರವಾಯಿತು.

ಬೆಲ್ಟ್ ಇತ್ತು. ಬೆಲ್ಟಿನೊಳಗೆ ನಾಯಿ ಇರಲಿಲ್ಲ.

ಸಲೂಕಿಗೆ ಕೊರಳಿಗಿಂತ ತಲೆಯೇ ಸಪೂರ. ಮೇಲಾಗಿ ನನ್ನ ರಬ್ಬರ್ ಬೆರಳು ಎರಡೆಂದರೆ ಬರಿಗೈಯ ನಾಲ್ಕು ಬೆರಳು. ಈ ಲೆಕ್ಕ ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ಬರ್ಕ್ ಹಡಗಿನ ಹಿಂಭಾಗಕ್ಕೆ ಓಡಿತು. ಅಲ್ಲಿ ಅಡ್ಡಕ್ಕೆ ಒಂದು ಸರಪಳಿ, ಸರಪಳಿಯ ಕೆಳಗೆ ಬಿಳಿ ನೊರೆ ಉಗುಳುವ ನೀರು. ಅದು ಸರಪಳಿಯಡಿ ತಲೆ ಹಾಕಿ ನಿಂತು, ಮುಂಗಾಲು ಜಾರಿ, ಮತ್ತೆ ಎತ್ತಿ, ದಡದ ದಿಕ್ಕಿಗೆ ನೋಡಿತು. ಹಾರಿದರೆ ಮುಗಿಯಿತು. ನಾಯಿ ಹೋಯಿತು, ಇಕಾಮಾ ಹೋಯಿತು, ಖಲಾಸ್.

"ಪಕ್ಡೋ! ಪಕ್ಡೋ!" ರಹೀಮ್ ಭಾಯಿ ಟ್ಯಾಂಕರಿನ ಹಿಂದಿನಿಂದಲೇ ಕೂಗಿದರು.

ಓಡಬಾರದೆಂದು ಶೇಖರಣ್ಣ ಹೇಳಿದ್ದರು. ನಿಂತು ನಡೆಯುವ ಧೈರ್ಯ ನನಗೂ ಇರಲಿಲ್ಲ. ಒದ್ದೆ ಕಬ್ಬಿಣದ ಮೇಲೆ ಹೊಟ್ಟೆ ಹಾಕಿ ಮಲಗಿದೆ, ತೆವಳಿದೆ. ಕೈಗವಸು ಜಾರುತ್ತಿತ್ತು, ಹಲ್ಲಿನಿಂದ ಕಚ್ಚಿ ಎಳೆದು ಬಿಸಾಡಿದೆ. "ಬಾ ಮೋನೆ, ಬಾ," ಎಂದೆ. ಮೋನೆ ಎಂದರೆ ನಮ್ಮ ಬ್ಯಾರಿಯಲ್ಲಿ ಮಗನೇ ಎಂದು. ಅರಬಿ ಬಿಟ್ಟು ಬೇರೆ ಭಾಷೆ ಕೇಳದ ನಾಯಿಗೆ ಏನು ತಿಳಿಯಿತೋ, ತಿರುಗಿ ನೋಡಿತು. ಬರಿಗೈಯಲ್ಲಿ ಕೊರಳನ್ನು ತಬ್ಬಿ ಹಿಡಿದು ನನ್ನ ಎದೆಗೆ ಎಳೆದುಕೊಂಡೆ.

ಆ ಪಕ್ಕೆಲುಬಿನೊಳಗೆ ಹೃದಯ ಬಡಿಯುತ್ತಿದ್ದ ವೇಗ! ಬೇರಿಂಗ್ ಹೋದ ಯಂತ್ರದಂತೆ ಇಡೀ ಮೈ ನಡುಗುತ್ತಿತ್ತು. ಅದರ ನಡುಕ ಯಾವುದು, ನನ್ನದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಅದು ನನ್ನ ಗಲ್ಲದಿಂದ ಕಿವಿಯವರೆಗೆ ಒಮ್ಮೆ ನೆಕ್ಕಿತು. ದ್ವೀಪ ಮುಟ್ಟುವವರೆಗೂ ನಾನು ಕೈ ಸಡಿಲಿಸಲಿಲ್ಲ. ಅಷ್ಟು ಹೊತ್ತೂ ನನ್ನ ಮುಖ ನೀರಿನ ಕಡೆಗೇ ಇತ್ತು ಎನ್ನುವುದು ಆಮೇಲೆ ನೆನಪಾಯಿತು.

ಬಾಬಾ ಸ್ಪೀಡ್ ಬೋಟಿನಲ್ಲಿ ಮೊದಲೇ ಬಂದು ಜೆಟ್ಟಿಯಲ್ಲಿ ನಿಂತಿದ್ದರು. ನಾಯಿಯನ್ನು ಕುರಿಮರಿಯಂತೆ ಎತ್ತಿಕೊಂಡು ಇಳಿದ ನನ್ನನ್ನು ನೋಡಿ ಪಕ್ಕದವರಿಗೆ, "ಶೂಫ್! ಬಿದೂನ್ ಹಬಲ್!" ಎಂದರು. ನೋಡಿ, ಹಗ್ಗವೇ ಇಲ್ಲದೆ! ನಾನು ತಲೆ ಎತ್ತಿ ನಡೆದೆ. ನಿಜ ಹೇಳಲಿಲ್ಲ. ಇಕಾಮಾ ಅವರ ಹೆಸರಿಗಾಯಿತು. ಈಗ ಇಲ್ಲಿ ಬರೆಯುತ್ತಿದ್ದೇನೆ, ಬಾಬಾರಿಗೆ ಕನ್ನಡ ಬರುವುದಿಲ್ಲ.

ಮನೆಯ ಹಿಂದೆ ಹೋಗಿ ಕೈ ಮುಖ ತೊಳೆಯಲು ಕೂತೆ. ದ್ವೀಪದ ಮಣ್ಣನ್ನು ಮೊದಲ ಸಲ ಮುಷ್ಟಿಯಲ್ಲಿ ಹಿಡಿದೆ. ನಮ್ಮ ಮಣ್ಣಿನಂತೆ ಕೆಂಪಲ್ಲ, ಬಿಳಿಚಿದ ಪುಡಿ, ಉಪ್ಪಿನ ವಾಸನೆ. ರಹೀಮ್ ಭಾಯಿ ನೋಡುತ್ತಾ ನಿಂತರು. ಅವರು ಹನಫಿ ಪದ್ಧತಿಯವರು.

"ನಮಗೆ ಮೂರು ಸಲ ಸಾಕು. ನಿಮಗೆ ಏಳಾ? ಭಾಯಿ, ಇಲ್ಲಿ ನೀರು ಟ್ಯಾಂಕರಿನಲ್ಲಿ ಬರ್ತದೆ!" ಎಂದರು ಹಿಂದಿಯಲ್ಲಿ.

ಫೈಲಕಾದಲ್ಲಿ ಈಗ ಎರಡು ವರ್ಷವಾಯಿತು. ಸಬ್ಹಾನ್‌ನ ಕೋಣೆಯಲ್ಲಿ ಆರು ಜನ, ಆರು ಫೋನು, ಮೌನಕ್ಕೆ ಹಂಬಲಿಸುತ್ತಿದ್ದೆ. ಇಲ್ಲಿ ಜನರೇಟರ್ ನಿಲ್ಲಿಸಿದರೆ ಮೌನ ಬಂದು ಎದೆಯ ಮೇಲೆ ಕೂರುತ್ತದೆ. ಇರಾಕ್ ದಾಳಿಯ ಕಾಲಕ್ಕೆ ಜನ ಬಿಟ್ಟುಹೋದ ಮನೆಗಳು ಗೋಡೆಯ ತುಂಬ ಗುಂಡಿನ ತೂತು ಹೊತ್ತು ನಿಂತಿವೆ. ಆ ತೂತುಗಳಲ್ಲಿ ಶಮಾಲ್ ಸಿಳ್ಳೆ ಹಾಕಿದರೆ ನನಗೆ ಈಗಲೂ ಭಯ. ಆಗ ಬರ್ಕ್ ಬಾಗಿಲಿನ ಹೊರಗೆ ಬಂದು ಮಲಗುತ್ತದೆ. ಅದಕ್ಕೂ ಭಯ, ಅದಕ್ಕೇ ಬರುತ್ತದೆ. ಅದರ ಬೆಲ್ಟನ್ನು ದಿನಾ ಬರಿ ಬೆರಳಿನಲ್ಲೇ ನೋಡುತ್ತೇನೆ, ಕಿವಿಯ ಬುಡಕ್ಕೆ ಏರಿಸಿ, ಎರಡೇ ಬೆರಳು. ಆಮೇಲೆ ಏಳು ಸಲ ತೊಳೆಯುತ್ತೇನೆ. ನಾನು ಸಾಮಾನಿಗೆ ಪಟ್ಟಣಕ್ಕೆ ಹೋದರೆ, ನಾನು ಹಿಂದೆ ಬರುವವರೆಗೂ ಅದು ಜೆಟ್ಟಿ ಬಿಟ್ಟು ಏಳುವುದಿಲ್ಲವಂತೆ.

ಕಳೆದ ರಜೆಯಲ್ಲಿ ಊರಿಗೆ ಹೋದೆ. ಕಡಲ್ಕೊರೆತಕ್ಕೆ ಅಡ್ಡವಾಗಿ ಹೊಸದಾಗಿ ಹಾಕಿದ ಕಲ್ಲಿನ ಗೋಡೆ ನಮ್ಮ ಅಂಗಳಕ್ಕೆ ಇನ್ನೂ ಹತ್ತಿರ ಬಂದಿತ್ತು. ದ್ವೀಪದಲ್ಲಿ ಮಲಗಿದಾಗ ನನಗಿರುವ ಇನ್ನೊಂದು ಭಯ ಇದೇ, ಈ ಗೋಡೆ, ಅದರ ಈಚೆ ಉಮ್ಮ. ಊರಿಗೆ ಹೋದರೆ ಈ ಭಯ ಇಳಿಯುತ್ತದೆ ಎಂದುಕೊಂಡಿದ್ದೆ.

ಒಂದು ಸಂಜೆ ಯಾರದೋ ನಾಯಿ ನಮ್ಮ ಅಂಗಳಕ್ಕೆ ಬಂತು, ಕೊರಳಲ್ಲಿ ಬೆಲ್ಟ್ ಜೋತಾಡುತ್ತಿತ್ತು. ಯೋಚನೆಯೇ ಇಲ್ಲದೆ ಬಗ್ಗಿ ಎರಡು ಬೆರಳು ತೂರಿಸಿದೆ. ಅದು ನನ್ನ ಕೈ ನೆಕ್ಕಿತು.

"ಯಾ ಅಲ್ಲಾ! ಮೋನೆ, ನಾಯಿ!" ಉಮ್ಮ ಒಳಗಿನಿಂದ ಕಿರುಚಿದರು. "ನಿನಗೆ ಹದಿನಾಲ್ಕು ಇಂಜೆಕ್ಷನ್ ಮರ್ತು ಹೋಯ್ತಾ?"

ಚೆಂಬಿನಲ್ಲಿ ನೀರು ತಂದು, ತೆಂಗಿನ ಬುಡದ ಕೆಂಪು ಮಣ್ಣು ಬಗೆದು ನನ್ನ ಅಂಗೈಗೆ ಹಾಕಿ, ತಾವೇ ನೀರು ಹೊಯ್ದು ಎಣಿಸಿದರು. ಒಂದು. ಎರಡು. ಮೂರು. ಅಷ್ಟರಲ್ಲಿ ಜಗಲಿಯ ಮೇಲಿಟ್ಟ ಫೋನು ಹೊಡೆಯಿತು. ರಹೀಮ್ ಭಾಯಿಯ ವೀಡಿಯೋ ಕಾಲ್. ಒದ್ದೆ ಬೆರಳಿನಲ್ಲೇ ಒತ್ತಿದೆ. ಜೆಟ್ಟಿಯ ತುದಿಯಲ್ಲಿ ಬರ್ಕ್ ಕೂತಿತ್ತು, ಕಿವಿಯ ರೋಮ ಗಾಳಿಗೆ ಹಾರುತ್ತಿತ್ತು.

"ಐದು ದಿನದಿಂದ ಹೀಗೆ ಕೂತಿದೆ ಭಾಯಿ. ಅಬ್ಬಾರಾ ಬಂದ್ರೆ ಎದ್ದು ನಿಲ್ತದೆ."

"ಬೆಲ್ಟ್ ನೋಡಿದ್ರಾ? ಎರಡು ಬೆರಳು?"

"ನಾನು ಮುಟ್ಟಿಲ್ಲ. ದೂರದಿಂದ ಸರಿಯೇ ಕಾಣ್ತದೆ."

ನನ್ನ ಹೊಕ್ಕುಳು ಒಳಗೆ ಎಳೆಯಿತು. ಅಲ್ಲಿ ಅಬ್ಬಾರಾ ಹಾರನ್ ಊದುವ ಹೊತ್ತು.

"ಯಾರದ್ದು ಫೋನು?" ಉಮ್ಮ ಕೇಳಿದರು. "ನನಗೆ ಲೆಕ್ಕ ತಪ್ಪಿತು. ಎಷ್ಟಾಯ್ತು, ನಾಲ್ಕಾ, ಐದಾ?"

"ಗೊತ್ತಿಲ್ಲ ಉಮ್ಮ."

"ಹಾಗಾದ್ರೆ ಮೊದಲಿಂದ." ಅವರು ಚೆಂಬು ತುಂಬಿಸಿಕೊಂಡು ಬಂದರು. ಗೋಡೆಯಾಚೆ ಕಡಲು ಕಲ್ಲಿಗೆ ಅಪ್ಪಳಿಸುತ್ತಿತ್ತು, ಫೋನಿನೊಳಗೂ ಕಡಲು. ನಾನು ಒಂದು ಕೈಯನ್ನು ಉಮ್ಮನ ಎದುರು ಚಾಚಿ, ಇನ್ನೊಂದರಲ್ಲಿ ಫೋನು ಹಿಡಿದು, "ರಹೀಮ್ ಭಾಯಿ, ದಯವಿಟ್ಟು ಒಮ್ಮೆ ಮುಟ್ಟಿ ನೋಡಿ, ಬರಿಗೈಯಲ್ಲಿ," ಎಂದು ಬೇಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದೆ. ಉಮ್ಮ ಒಂದರಿಂದ ಎಣಿಸತೊಡಗಿದರು.