ಎಲ್ಲರ ಬೆನ್ನಿಗೂ ಒಂಬತ್ತು

ರಾಯದುರ್ಗದ ನಮ್ಮ ಜೀನ್ಸ್ ಕಾರ್ಖಾನೆ ಮಾಲೀಕ ಕಾಲೇಜಿನ ಕಬಡ್ಡಿ ಹುಡುಗರಿಗೆ ಬನಿಯನ್ ಹೊಲಿಸಿಕೊಟ್ಟ. ಒಂಬತ್ತನೇ ಲಾಟಿನ ಮಾಲು ಅಂತ ಎಲ್ಲಾದಕ್ಕೂ ಒಂಬತ್ತು ಅಂತಲೇ ಅಚ್ಚು ಹಾಕಿಸಿದ. ದಾರ ಕತ್ತರಿಸೋಳು ನಾನು, ಬ್ಯಾಡ್ರಿ ಅಂದ್ರ ಕೇಳ್ತಾನ?

ದೊಡ್ಡ ಲೀಗಿಗೆ ಹುಡುಗರನ್ನ ಆರಿಸೋಕೆ ಸಾಹೇಬನೊಬ್ಬ ಬಂದ. ನಾನೂ ನೋಡೋಕೆ ಹೋಗಿದ್ದೆ. ಆಟ ಮುಗಿದ ಮೇಲೆ ಸಾಹೇಬ, ‘ಮೂಲೆಯಲ್ಲಿ ನಿಂತು ಕಾಲು ಹಿಡಿದ ಒಂಬತ್ತನೇ ನಂಬರಿನವನು ಬರಲಿ’ ಅಂದ. ಹಿಡಿದವನು ನಮ್ಮ ಇಸ್ತ್ರಿ ಗಂಗಮ್ಮನ ಮಗ ಮಲ್ಲೇಶ. ಅವನು ನಾಚಿಕೊಂಡು ನಿಂತ. ಓಡಿಹೋಗಿ ಹೆಸರು ಬರೆಸಿದವನು ಮಾಲೀಕನ ಅಕ್ಕನ ಮಗ, ಆಟ ಮುಗಿಯೋವರೆಗೂ ಬೆಂಚು ಬಿಟ್ಟು ಏಳದಿದ್ದವನು.

ನನ್ನ ಮೈ ಉರೀತು. ‘ಸಾಹೇಬ್ರ, ಇಬ್ಬರ ಮೊಣಕಾಲೂ ನೋಡ್ರಿ’ ಅಂದೆ.

‘ನೀವ್ಯಾರಮ್ಮ?’

‘ಯಾರಾದ್ರೇನ್ರಿ? ಕಾಲಿಗೆ ಬಿದ್ದು ಹಿಡಿಯೋನ ಮೊಣಕಾಲಿನಾಗ ತೊಗಲು ಉಳೀತದೇನು?’

ಮಲ್ಲೇಶನ ಮೊಣಕಾಲು ತರಚಿ ರಕ್ತ ಸೋರ್ತಿತ್ತು. ಇನ್ನೊಬ್ಬನದು ಆಗತಾನೇ ತೊಳೆದ ಮೂಲಂಗಿ. ಸಾಹೇಬ ಆ ಹೆಸರು ಹೊಡೆದುಹಾಕಿ ಮಲ್ಲೇಶನದು ಬರೆದ.

ಮರುದಿನ ಮಾಲೀಕ ನನ್ನನ್ನ ಕೆಲಸದಿಂದ ತೆಗೆದ. ತೆಗೀಲಿ. ಅವನ ಹೆಂಡತಿ ತವರಿಂದ ಯಾಕ ವಾಪಸ್ ಬರಲಿಲ್ಲ ಅನ್ನೋದನ್ನ, ಅವನ ಉಪ್ಪು ತಿಂದ ಋಣಕ್ಕ, ಇಷ್ಟು ದಿನ ಹೊಟ್ಟೆಯಾಗ ಇಟ್ಕೊಂಡಿದ್ದೆ.